ಮನೆಯಲ್ಲಿ ತುಂಬಿದ ತೋಟಾ: ಕೊಡಗಿನ ವಿನಾಯಿತಿಯಿಂದ ಮೌಸರ್ ಪಿಸ್ತೂಲಿನವರೆಗೆ

ಚೆನ್ನೈ ಬಳಿಯ ತಾಂಬರಂನಲ್ಲಿ ಮನೆ ಮಾಡಿಕೊಂಡ ಕೊಡವನೊಬ್ಬ ಕೋವಿಯನ್ನು ಜೊತೆಗಿಟ್ಟುಕೊಳ್ಳಬಹುದೇ? ಬ್ರಿಟಿಷರ ಕಾಲದ ಶಸ್ತ್ರ ನಿಯಮಗಳು ಇದಕ್ಕೆ ಮೊದಲೇ ಉತ್ತರ ಬರೆದಿಟ್ಟಿದ್ದವು. ಕೊಡಗಿನ ಹೊರಗೆ ನೆಲೆಸಿದ ಅಥವಾ ಸಂಚರಿಸುವ ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಲ್ಲದೆ ಒಂದು ರೈಫಲ್, ಅದಕ್ಕೆ 100 ತೋಟಾ. ಒಂದು ನುಣುಪು ನಳಿಗೆಯ ಕೋವಿ, ಅದಕ್ಕೆ 500 ತೋಟಾ, ಇಲ್ಲವೇ ಅಷ್ಟಕ್ಕೆ ಸಾಲುವಷ್ಟು ಸೀಸದ ಚರೆ ಮತ್ತು ಮದ್ದು. ನಮಗಿಲ್ಲಿ ಮುಖ್ಯವಾದದ್ದು ಆ ಕೊನೆಯ ತುಂಡು. ಈಡನ್ನು ಮನೆಯಲ್ಲೇ ತುಂಬಿಕೊಳ್ಳುವ ರೂಢಿಯನ್ನು ಸರ್ಕಾರ ಕಾಗದದ ಮೇಲೆಯೇ ಒಪ್ಪಿಕೊಂಡಿತ್ತು. ಪಿಸ್ತೂಲಿನ ಮಾತು ಮಾತ್ರ ಅಲ್ಲಿಲ್ಲ.

ಈ ವಿನಾಯಿತಿಯ ಬೇರು 1861ರಲ್ಲಿದೆ. 1857ರ ದಂಗೆಯ ನಂತರ ಜನರ ಆಯುಧ ಕಿತ್ತುಕೊಳ್ಳುತ್ತಿದ್ದ ದಿನಗಳಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಅದರಿಂದ ಹೊರಗಿಟ್ಟ. 1878ರ ಶಸ್ತ್ರ ಕಾಯ್ದೆ ಬಂತು, 1959ರದ್ದೂ ಬಂತು, ವಿನಾಯಿತಿ ಉಳಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ.

ಕೊಡಗು, ಮಲೆನಾಡುಗಳಲ್ಲಿ ಈಡು ತುಂಬುವುದು ಜಗಲಿಯ ಕೆಲಸ. ಕೇಪಿನ ಕೋವಿಗೆ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಚರೆ ಹಾಕಿ ಮತ್ತೆ ನಾರು ಒತ್ತುವುದು. ತೋಟಾ ಕೋವಿ ಬಂದ ಮೇಲೂ ಕೈ ಮರೆಯಲಿಲ್ಲ. ಹಿತ್ತಾಳೆಯ ತೋಟಾ ನೆಟ್ಟಗಿನ ಕೊಳವೆ. ಸುಟ್ಟ ಕೇಪು ತೆಗೆದು ಹೊಸದು ಕೂರಿಸಿದರೆ ಮತ್ತೆ ತುಂಬಬಹುದಿತ್ತು. ಅಂದಾಜು ತಪ್ಪಿದರೆ ನಳಿಗೆ ಸಿಡಿದು ಬೆರಳು ಹೋಗುವುದೂ ಇದೇ ಜಗಲಿಯ ಚರಿತ್ರೆಗೆ ಸೇರಿದ್ದು.

ಈ ಕೈಚಳಕ ಪಿಸ್ತೂಲಿಗೆ ಯಾಕೆ ದಾಟಲಿಲ್ಲ? ಕಾನೂನನ್ನು ಆಮೇಲೆ ನೋಡೋಣ. ಮೊದಲ ಅಡ್ಡಿ ತೋಟಾದ ಕುತ್ತಿಗೆ.

1893ರಲ್ಲಿ ಹ್ಯೂಗೊ ಬೋರ್ಷಾರ್ಟ್‌ನ ಪಿಸ್ತೂಲಿಗೆಂದು ಹುಟ್ಟಿದ ತೋಟಾವೇ ತುಸು ಬದಲಾಗಿ 1896ರ ಮೌಸರ್ ಪಿಸ್ತೂಲಿಗೆ ಬಂತು. ಗುಂಡು ಬಿಟ್ಟು ಉದ್ದ 25 ಮಿ.ಮೀ., ಬುಡದಲ್ಲಿ ಸುಮಾರು 10 ಮಿ.ಮೀ. ದಪ್ಪ, ಮೇಲಕ್ಕೆ ಹೋದಂತೆ ಹೆಗಲು ಇಳಿದು ಕುತ್ತಿಗೆ ಸಣ್ಣದಾಗುತ್ತದೆ. ಸಣ್ಣ ಗುಂಡಿನ ಹಿಂದೆ ಹೆಚ್ಚು ಮದ್ದು ಹಿಡಿಸಲು ಈ ಆಕಾರ. ಗುಂಡು ಸೆಕೆಂಡಿಗೆ 400 ಮೀಟರ್ ಮೀರಿ ಹಾರುತ್ತಿತ್ತು. ಹಾರಿಸಿದಾಗ ಹಿತ್ತಾಳೆ ಉಬ್ಬುತ್ತದೆ. ನೆಟ್ಟಗಿನ ತೋಟಾದ ಉಬ್ಬನ್ನು ತಿದ್ದುವುದು ಸುಲಭ. ಇಲ್ಲಿ ಹೆಗಲು, ಕುತ್ತಿಗೆ ಎರಡನ್ನೂ ಉಕ್ಕಿನ ಅಚ್ಚಿನೊಳಗೆ ಒತ್ತಿ ಮೊದಲಿನ ಅಳತೆಗೆ ತರಬೇಕು. ಎಣ್ಣೆ ಸವರದಿದ್ದರೆ ತೋಟಾ ಅಚ್ಚಿನಲ್ಲೇ ಕಚ್ಚಿಕೊಳ್ಳುತ್ತದೆ. ಹೆಗಲು ಕೂದಲೆಳೆಯಷ್ಟು ಹಿಂದೆ ಸರಿದರೂ ತೋಟಾ ಕೋಣೆಯಲ್ಲಿ ಸರಿಯಾಗಿ ಕೂರದು. ಗಜ, ನಾರುಗಳಿಂದ ಆಗುವ ಕೆಲಸವಲ್ಲ ಇದು. ಅಮೆರಿಕದಲ್ಲಿ ಜಾನ್ ಬಾರ್ಲೊನ ಐಡಿಯಲ್ ಕಂಪನಿ 1884ರಿಂದಲೇ ಇಂಥ ಕೈ ಉಪಕರಣ ಮಾರುತ್ತಿತ್ತು. ಅಲ್ಲಿ ಮರುತುಂಬುವಿಕೆ ಹವ್ಯಾಸವಾಗಿ ಬೆಳೆಯಲು ಅದು ನೆರವಾಯಿತು.

ಇನ್ನೊಂದು ವಿಚಿತ್ರವಿದೆ. ಅಮೆರಿಕದ ಬರ್ಡನ್ ರೂಪಿಸಿದ ಕೇಪು ಯುರೋಪಿನಲ್ಲಿ ಬೇರೂರಿತು. ಇಂಗ್ಲೆಂಡಿನ ಬಾಕ್ಸರ್‌ನದು ಅಮೆರಿಕದಲ್ಲಿ. ಬಾಕ್ಸರ್ ಕೇಪನ್ನು ಒಂದು ಕಡ್ಡಿ ಒಳಗಿನಿಂದ ತಳ್ಳಿಬಿಡುತ್ತದೆ. ಬರ್ಡನ್ ತೋಟಾದ ತಳದಲ್ಲಿ ನಡುತೂತಿಲ್ಲದ ಕಾರಣ ಅದು ಆಗದು. ಯುರೋಪಿನಿಂದ ಬಂದ ಮೌಸರ್ ತೋಟಾಗಳು ಬಹುತೇಕ ಬರ್ಡನ್ ಜಾತಿಯವು.

ಈ ಪಿಸ್ತೂಲಿನ ಹೆಸರಾಂತ ಬಳಕೆದಾರನೊಬ್ಬನಿಗೆ ಬೆಂಗಳೂರಿನ ನಂಟಿದೆ. 1896ರಲ್ಲಿ ಬೆಂಗಳೂರು ದಂಡಿಗೆ ಬರುವ ದಾರಿಯಲ್ಲಿ, ಮುಂಬಯಿಯಲ್ಲಿ ದೋಣಿ ಇಳಿಯುವಾಗ ಚರ್ಚಿಲ್‌ನ ಭುಜದ ಕೀಲು ತಪ್ಪಿತು. 1898ರ ಸೆಪ್ಟೆಂಬರ್ 2ರ ಕದನದಂದು ಸುಡಾನಿನ ಓಮ್‌ಡರ್ಮನ್‌ನಲ್ಲಿ ಕತ್ತಿ ಬೀಸಲಾಗದೆ ಆತ ಹಿಡಿದದ್ದು ಮೌಸರ್. ಭಾರತದ ಚರಿತ್ರೆಯಲ್ಲಿ ಹೆಚ್ಚು ತೂಕವಿರುವುದು ಮಾತ್ರ ಬೇರೆ ಘಟನೆಗೆ: 1914ರ ಆಗಸ್ಟ್ 26ರಂದು ಕಲ್ಕತ್ತೆಯಲ್ಲಿ ಕ್ರಾಂತಿಕಾರಿಗಳು ಆಯುಧ ವ್ಯಾಪಾರಿ ರೊಡ್ಡಾ ಕಂಪನಿಯ 50 ಮೌಸರ್‌ಗಳನ್ನೂ 46,000 ತೋಟಾಗಳನ್ನೂ ಕದ್ದು ಸಾಗಿಸಿದರು. ಪಿಸ್ತೂಲಿಗೆ 920 ತೋಟಾ! ಖಾಲಿಯನ್ನು ಹೆಕ್ಕಿ ತುಂಬುವ ಯೋಚನೆಗೇ ಅಲ್ಲಿ ಜಾಗವಿರಲಿಲ್ಲ.

ಇನ್ನು ಕಾಯ್ದೆ. ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದನ್ನು 1959ರ ಶಸ್ತ್ರ ಕಾಯ್ದೆಯ 5ನೇ ಕಲಂ ತಡೆಯುತ್ತದೆ. 2ನೇ ಕಲಮಿನ ವ್ಯಾಖ್ಯೆ ಇನ್ನೂ ಮುಂದೆ ಹೋಗಿ ಮದ್ದುಗುಂಡಿನ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರವನ್ನೂ ಮದ್ದುಗುಂಡೆಂದೇ ಎಣಿಸುತ್ತದೆ. ಅಮೆರಿಕದ ಹವ್ಯಾಸಿಯ ಮೇಜಿನ ಮೇಲಿರುವ ಒತ್ತುಯಂತ್ರ ತಾಂಬರಂಗೆ ಬಂದರೆ ಕಾಯ್ದೆಯ ಕಣ್ಣಿಗೆ ಅದೂ ಮದ್ದುಗುಂಡೇ. ಪೂರಕ ಭಾಗಗಳೊಡನೆ ಬಳಸುವ ಉದ್ದೇಶವಿಲ್ಲದ ಚಿಲ್ಲರೆ ಭಾಗಗಳಿಗೆ 45ನೇ ಕಲಂ ರಿಯಾಯಿತಿ ಕೊಡುತ್ತದೆ. ಅಜ್ಜನ ಕಾಲದ ಖಾಲಿ ತೋಟಾವೊಂದು ಷೋಕೇಸಿನಲ್ಲಿದ್ದರೆ ಈ ರಿಯಾಯಿತಿಯ ನೆರಳಿದೆ. ಅದರ ಪಕ್ಕಕ್ಕೆ ಅಚ್ಚು, ಕೇಪು, ಮದ್ದು ಬಂದು ಕೂತರೆ ಆ ನೆರಳೂ ಇಲ್ಲ.