ಸೊಂಟಕ್ಕೆ ಕತ್ತಿ, ಜೇಬಿಗೆ ಚಾಕು (ಓಲ್ಡ್ ಟೌನ್ ಕಥೆಗಳು, ಭಾಗ 7)

ಮೊದಲನೇ ಫೋಟೋದಲ್ಲಿರೋದು ನಮ್ಮಜ್ಜನ ಕತ್ತಿ. ಪಕ್ಕದಲ್ಲಿ ಮಲಗಿರೋ ಪುಟಾಣಿ ಅವರ ಮಡಚೋ ಚಾಕು. ಹೋದ ವಾರ ಕ್ಲಾಸಲ್ಲಿ ಒಬ್ಬ ಕೇಳಿದ: "ಕಾಡಿಗೆ ಕತ್ತಿ ತಗೊಂಡು ಹೋದ್ಮೇಲೆ ಮತ್ತೆ ಚಾಕು ಯಾಕೋ? ತಗೊಂಡ್ರೆ ಎಂಥದ್ದು ತಗೊಳ್ಳೋದು?" ಒಳ್ಳೇ ಪ್ರಶ್ನೆ. ಆದ್ರೆ ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಮಲೆನಾಡಿನ ತೋಟದ ಕೆಲಸದವರು ಇವತ್ತಿಗೂ ಸೊಂಟದ ಹಿಂದಿನ ಕೊಕ್ಕೆಗೆ ಕತ್ತಿ ಸಿಗಿಸಿಕೊಂಡೇ ಹೊರಡೋದು. ಕುಲುಮೆಯಲ್ಲಿ ಹಳೇ ಲಾರಿಯ ಕಮಾನು ಪಟ್ಟಿ ಕಾಯಿಸಿ ಬಡಿದು ಮಾಡಿದ ಕತ್ತಿ ಅದು. ಅಲಗು, ಹಿಡಿಯೊಳಗೆ ಇಳಿಯೋ ಬಾಲ ಎಲ್ಲಾ ಒಂದೇ ತುಂಡು. ಕೀಲು ಇಲ್ಲ, ಅದಕ್ಕೇ ಕೊಂಬೆ ಕಡಿದರೂ ತಡಕೊಳ್ಳತ್ತೆ. (ಕಬ್ಬಿಣದ ಮಾತು ಬಂತಲ್ಲ: ನಮ್ಮೂರಿನ ಹಳೇ ಹೆಸರು ಬೆಂಕಿಪುರ. 1923ರಲ್ಲಿ ಇಲ್ಲಿ ಕಾರ್ಖಾನೆಯ ಕುಲುಮೆ ಹೊತ್ತಿದಾಗ ಉರಿದದ್ದು ಸುತ್ತಲಿನ ಕಾಡಿನ ಮರದ ಇದ್ದಿಲು. ಆಚೆ ನ್ಯೂ ಟೌನ್ ಹುಟ್ಟಿದ ಮೇಲೆ ತಾನೇ ನಾವು "ಓಲ್ಡ್" ಆಗಿದ್ದು!)

ಕೊಡಗಿನವರನ್ನ ನೋಡಿ. ಹಬ್ಬ, ಮದುವೆಯ ಉಡುಗೆಯಲ್ಲಿ ಬೆನ್ನ ಹಿಂದೆ ತೋಡಂಗ್‌ಗೆ ಸಿಗಿಸಿದ ಅಗಲದ ಒಡಿಕತ್ತಿ, ಮುಂದೆ ಚೇಲೆಯಲ್ಲಿ ಸಣ್ಣ ಪೀಚೆಕತ್ತಿ. ಮದುವೆಯಲ್ಲಿ ಬಾಳೆದಿಂಡು ಕಡಿಯೋದು ಒಡಿಕತ್ತಿಯಿಂದ. ಸಣ್ಣದು ದೊಡ್ಡದರ ನಕಲಲ್ಲ. ಬ್ಯಾಕಪ್ ಅಂದ್ರೆ ನನ್ನ ಲೆಕ್ಕದಲ್ಲಿ ಇದೇ: ದೊಡ್ಡದಕ್ಕೆ ಆಗದ ಕೆಲಸ ಮಾಡಬೇಕು, ದೊಡ್ಡದು ಹಳ್ಳಕ್ಕೆ ಬಿದ್ದ ದಿನ ಮಾನನೂ ಉಳಿಸಬೇಕು. ಅಜ್ಜ ಕತ್ತಿಯಲ್ಲಿ ಬೇಲಿ ಸವರ್ತಿದ್ರು. ಹಗ್ಗ ಕೊಯ್ಯೋಕೆ, ಮುಳ್ಳು ತೆಗೆಯೋಕೆ, ಮಾವಿನಕಾಯಿ ಹೆಚ್ಚೋಕೆ ಜೇಬಿನ ಚಾಕು.

ಮಡಚೋ ಚಾಕು ಹೊಸದೇನಲ್ಲ. ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ಸಿಕ್ಕಿರೋದಕ್ಕೆ ಸುಮಾರು 2500 ವರ್ಷ. ಫ್ರಾನ್ಸ್‌ನ ಸವಾಯ್ ಬೆಟ್ಟಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೈತರಿಗಾಗಿ ಮರದ ಹಿಡಿಯ ಚಾಕು ಮಾಡಿದ. ಅದಕ್ಕೆ ಅಲಗನ್ನ ಬಿಗಿಹಿಡಿಯೋ ಉಂಗುರದ ಲಾಕ್ ಬಂದದ್ದು ಮಾತ್ರ 1955ರಲ್ಲಿ. ಅಂದ್ರೆ 65 ವರ್ಷ ಜನ ಲಾಕ್ ಇಲ್ಲದೇ ಬಳಸಿದ್ರು, ಬೆರಳು ಎಷ್ಟು ಹೋಯ್ತೋ!

ತಮಾಷೆ ಅಲ್ಲ. ಮೂರನೇ ಫೋಟೋದಲ್ಲಿರೋ ಬೆರಳಿನ ಗಾಯ ನಂದೇ. ಅಜ್ಜನ ಚಾಕುವಿಗೂ ಲಾಕ್ ಇಲ್ಲ, ಸ್ಪ್ರಿಂಗ್ ಮಾತ್ರ. ಬಿದಿರಿಗೆ ತೂತು ಮಾಡೋಣ ಅಂತ ಮೊನೆ ಒತ್ತಿದೆ, ಅಲಗು ಮಡಚಿಕೊಂಡು ನೇರ ಬೆರಳ ಮೇಲೆ. ಮೂರು ಹೊಲಿಗೆ. ಅಜ್ಜಿ ಅಡಕತ್ತರಿ ತಂದು ತೋರಿಸಿದ್ರು: "ನೋಡಾ, ಇದಕ್ಕೂ ಕೀಲಿದೆ. ಅಡಿಕೆ ಒತ್ತಿ ಕತ್ತರಿಸು, ಏನೂ ಆಗಲ್ಲ. ಇದರಲ್ಲಿ ಡಬ್ಬಿ ಮುಚ್ಚಳ ಮೀಟಿದ್ರೆ ಕೀಲು ಸಡಿಲ." ಮಡಚೋ ಚಾಕುವಿನ ಇಡೀ ಪಾಠ ಅಷ್ಟೇ. ಕೊಯ್ಯೋಕೆ ಸರಿ, ಮೀಟೋಕೆ, ಕುಟ್ಟೋಕೆ ಅಲ್ಲ.

ಹಾಗಾಗಿ ತಗೊಳ್ಳೋರಿಗೆ: ಲಾಕ್ ಇರಲೇಬೇಕು. ಅಂಗಡಿಯಲ್ಲೇ ತೆರೆದು ಅಲಗನ್ನ ಆಚೀಚೆ ಅಲ್ಲಾಡಿಸಿ ನೋಡಿ, ಕೀಲು ಲಟಲಟ ಅಂದ್ರೆ ಬಿಟ್ಟುಬಿಡಿ. ಅಲಗು ಮೂರು ಇಂಚು ಧಾರಾಳ ಸಾಕು. ಮರದ ಹಿಡಿ ಚಂದ ಕಾಣತ್ತೆ, ಆದ್ರೆ ನಮ್ಮ ಜುಲೈ ಮಳೆಗೆ ಮರ ಊದಿ ಚಾಕು ತೆರೆಯೋದೇ ಕಷ್ಟ. ಪ್ಲಾಸ್ಟಿಕ್ ಹಿಡಿ ವಾಸಿ. ಸ್ಟೇನ್‌ಲೆಸ್ ಅಲ್ಲದ ಅಲಗಾದ್ರೆ ಒರೆಸಿ ಎಣ್ಣೆ ಸವರಿ, ಇಲ್ಲಾಂದ್ರೆ ಬೆಳಗಾಗೋದ್ರೊಳಗೆ ತುಕ್ಕು. ಕತ್ತಿ ಇರೋ ಬ್ಯಾಗಲ್ಲೇ ಚಾಕುನೂ ಇಡಬೇಡಿ, ಬ್ಯಾಗ್ ಹೋದ್ರೆ ಎರಡೂ ಹೋಯ್ತು.

ಸಿನಿಮಾ ನೋಡಿ ಉದ್ದದ ಬಟನ್ ಚಾಕು ಹುಡುಕೋ ಮಹಾಶಯರಿಗೆ: 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ರೆ ಅದು ಆಯುಧದ ಲೆಕ್ಕ. ಮನೆ, ಕೃಷಿ ಕೆಲಸಕ್ಕೆ ಅಂತಲೇ ಮಾಡಿದ್ದಕ್ಕೆ ವಿನಾಯಿತಿ ಇದೆ. ತೋಟದ ಕತ್ತಿ ತೋಟದಲ್ಲಿ ಸರಿ, ಕಾಲೇಜ್ ಬ್ಯಾಗಲ್ಲಿ ಅಲ್ಲ.

ಇನ್ನೊಂದು. ಮುಂದಿನ ತಿಂಗಳು ಭದ್ರಾ ಅಭಯಾರಣ್ಯಕ್ಕೆ ಹೋಗೋ ಪ್ಲಾನ್ ಇದೆಯಲ್ಲ? 1972ರ ವನ್ಯಜೀವಿ ಕಾಯ್ದೆಯಲ್ಲಿ ಚಾಕುನೂ ಆಯುಧವೇ, ಲಿಖಿತ ಅನುಮತಿ ಇಲ್ಲದೇ ಒಳಗೆ ಒಯ್ಯೋ ಹಾಗಿಲ್ಲ. ಆವತ್ತು ಕತ್ತಿ, ಚಾಕು ಎರಡೂ ಅಜ್ಜಿ ಹತ್ರ. ಮಾವಿನಕಾಯಿ ಮನೇಲೇ ಹೆಚ್ಚಿ, ಉಪ್ಪುಖಾರ ಹಾಕಿ ಡಬ್ಬಿಗೆ ತುಂಬ್ಕೊಂಡು ಬನ್ನಿ.

#ಓಲ್ಡ್‌ಟೌನ್‌ಕಥೆಗಳು #ಭದ್ರಾವತಿ #ಬೆಂಕಿಪುರ