ಕಲಿಕೆಯಲ್ಲಿ ಹಿಂದುಳಿದ ವಿದ್ಯಾರ್ಥಿಗಳು ಮತ್ತು ಶಾಲಾ ಕ್ರೀಡೆ: ಪೋಷಕರ ಗಮನಕ್ಕೆ

ಪದೇ ಪದೇ ಗೈರುಹಾಜರಾಗುವ, ಪರೀಕ್ಷೆಗಳಲ್ಲಿ ಅನುತ್ತೀರ್ಣರಾಗುವ ಅಥವಾ ಪೋಷಕರೊಂದಿಗೆ ಗುಳೆ ಹೋಗುವ ಮಕ್ಕಳು ಶಾಲೆ ತೊರೆಯುವ ಅಪಾಯ ಹೆಚ್ಚು. ಇಂತಹ ಮಗುವಿಗೆ ಅಂಕ ಕಡಿಮೆ ಬಂದೊಡನೆ ಮೊದಲು ನಿಲ್ಲುವುದು ಆಟ. ದೈಹಿಕ ಶಿಕ್ಷಣದ ಅವಧಿಯು ಗಣಿತಕ್ಕೋ ಇಂಗ್ಲಿಷಿಗೋ ವರ್ಗವಾಗುತ್ತದೆ; ಮೈದಾನಕ್ಕೆ ಹೋಗಬಾರದೆಂದು ಮನೆಯಲ್ಲಿಯೂ ತಾಕೀತು ಮಾಡಲಾಗುತ್ತದೆ. ಸದುದ್ದೇಶದಿಂದ ಕೈಗೊಳ್ಳುವ ಈ ಕ್ರಮವು ಮಗುವನ್ನು ಶಾಲೆಯಿಂದ ಇನ್ನಷ್ಟು ದೂರ ಸರಿಸುವ ಸಂಭವವಿದೆ.

ಈ ವಿಷಯವಾಗಿ ಅಮೆರಿಕದಲ್ಲಿ ಹಲವು ಅಧ್ಯಯನಗಳು ನಡೆದಿವೆ. ರಾಲ್ಫ್ ಮೆಕ್‌ನೀಲ್ ಅವರು 1995ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕ್ರೀಡೆ ಹಾಗೂ ಲಲಿತಕಲೆಗಳಲ್ಲಿ ತೊಡಗಿದ ವಿದ್ಯಾರ್ಥಿಗಳು ಶಾಲೆ ತೊರೆಯುವ ಸಾಧ್ಯತೆ ಕಡಿಮೆಯಿತ್ತು. ಪಠ್ಯವಿಷಯಗಳ ಸಂಘಗಳಿಗೆ ಸೇರಿದವರಲ್ಲಿ ಅಂತಹ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಜೋಸೆಫ್ ಮಹೋನಿ ಮತ್ತು ರಾಬರ್ಟ್ ಕೇರ್ನ್ಸ್ ಅವರು 392 ವಿದ್ಯಾರ್ಥಿಗಳನ್ನು 7ರಿಂದ 12ನೇ ತರಗತಿಯವರೆಗೆ ಗಮನಿಸಿ 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಠ್ಯೇತರ ಚಟುವಟಿಕೆಗಳ ಪ್ರಯೋಜನವು ಅದರಲ್ಲಿ ಮುಖ್ಯವಾಗಿ ಅಪಾಯದ ಅಂಚಿನಲ್ಲಿದ್ದ ಮಕ್ಕಳಲ್ಲಿಯೇ ಕಂಡುಬಂದಿತ್ತು.

ಆಟವಾಡಿದ ಮಾತ್ರಕ್ಕೆ ಅಂಕ ಏರುವುದೆಂದು ಇದರ ಅರ್ಥವಲ್ಲ. ಶಾಲೆಯ ಬಗ್ಗೆ ಮೊದಲೇ ಒಲವಿದ್ದವರು ತಂಡ ಸೇರಿರಲೂಬಹುದು. ಆದರೆ ಶಾಲೆಗೇ ಬಾರದ ಮಗುವಿಗೆ ಪರಿಹಾರ ಬೋಧನೆ ನೀಡಲಾಗದು. ಕಬಡ್ಡಿ, ಖೋ-ಖೋ ಅಭ್ಯಾಸಕ್ಕೆಂದಾದರೂ ಮಗು ಬರುವುದಾದರೆ, ಅಭ್ಯಾಸವನ್ನು ರದ್ದುಪಡಿಸದೆ, ಅದಕ್ಕೆ ಮುನ್ನ ಒಂದು ಅವಧಿಯ ಪರಿಹಾರ ಬೋಧನೆ ಏರ್ಪಡಿಸುವಂತೆ ಪೋಷಕರು ಕೋರುವುದು ಸೂಕ್ತ.

ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯಂತೆ ಶಾಲೆಗೆ ಆಟದ ಮೈದಾನ ಹಾಗೂ ಪ್ರತಿ ತರಗತಿಗೆ ಅಗತ್ಯಕ್ಕನುಗುಣವಾಗಿ ಆಟದ ಸಾಮಗ್ರಿ ಇರತಕ್ಕದ್ದು. 6ರಿಂದ 8ನೇ ತರಗತಿಗಳಲ್ಲಿ ಮಕ್ಕಳ ದಾಖಲಾತಿ 100ನ್ನು ಮೀರಿದಲ್ಲಿ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕು. ಇವುಗಳ ಕೊರತೆಯಿದ್ದಲ್ಲಿ ಪೋಷಕರು ಮೊದಲು ಮುಖ್ಯ ಶಿಕ್ಷಕರಿಗೆ ಹಾಗೂ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ ಮನವಿ ಸಲ್ಲಿಸಬಹುದು. 6ರಿಂದ 14 ವರ್ಷದ ಮಗುವಿನ ಹಕ್ಕಿಗೆ ಸಂಬಂಧಿಸಿದ ಲಿಖಿತ ದೂರನ್ನು ಕಾಯ್ದೆಯ 32ನೇ ಪ್ರಕರಣದಡಿ ಸ್ಥಳೀಯ ಪ್ರಾಧಿಕಾರಕ್ಕೆ ನೀಡಲು ಅವಕಾಶವಿದ್ದು, ಅದನ್ನು ಮೂರು ತಿಂಗಳೊಳಗೆ ತೀರ್ಮಾನಿಸಬೇಕಾಗುತ್ತದೆ. ತೀರ್ಮಾನ ಒಪ್ಪಿಗೆಯಾಗದಿದ್ದಲ್ಲಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. 9 ಮತ್ತು 10ನೇ ತರಗತಿಯ ವಿದ್ಯಾರ್ಥಿಗಳ ಪೋಷಕರು ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನು ಸಂಪರ್ಕಿಸಬೇಕು.

ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಶೇ. 75ರಷ್ಟು ಹಾಜರಾತಿ ಅಗತ್ಯವಿರುವುದರಿಂದ, ಮಗು ಕ್ರೀಡಾಕೂಟಕ್ಕೆ ತೆರಳಿದ ದಿನಗಳನ್ನು ಹಾಜರಾತಿ ಪುಸ್ತಕದಲ್ಲಿ ಹೇಗೆ ನಮೂದಿಸಲಾಗಿದೆ ಎಂಬುದನ್ನು ಪೋಷಕರು ಆಯಾ ತಿಂಗಳೇ ಖಚಿತಪಡಿಸಿಕೊಳ್ಳತಕ್ಕದ್ದು. ಮನವಿ ಸಲ್ಲಿಸುವಾಗ ಅದರ ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿ ಪಡೆದಿಟ್ಟುಕೊಳ್ಳಬೇಕು.