ಹಲ್ಲಿನ ಕಲೆಯಿಂದ ಟೂತ್‌ಪೇಸ್ಟಿಗೆ

ಮಕ್ಕಳ ಟೂತ್‌ಪೇಸ್ಟ್ ಕೊಳ್ಳುವಾಗ ಬಣ್ಣ, ರುಚಿ ನೋಡುವವರೇ ಹೆಚ್ಚು. ನೋಡಬೇಕಾದದ್ದು ಫ್ಲೋರೈಡ್ ಪ್ರಮಾಣವನ್ನು. ಹಲ್ಲು ಕಾಯುವ ಈ ವಸ್ತು ಪತ್ತೆಯಾದದ್ದು ಹಲ್ಲು ಕೆಡಿಸುವ ವಸ್ತುವನ್ನು ಹುಡುಕುವಾಗ ಎಂಬುದು ಸ್ವಾರಸ್ಯಕರ.

1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ, ಅಲ್ಲೇ ಬೆಳೆದವರ ಹಲ್ಲುಗಳ ಮೇಲೆ ಕಂದು ಕಲೆಗಳನ್ನು ಕಂಡರು. ಅಂಥ ಹಲ್ಲುಗಳಿಗೆ ಹುಳುಕು ಕಡಿಮೆ ಎಂಬುದೂ ಮುಂದೆ ತಿಳಿಯಿತು. ಕಾರಣ ನೀರಿನಲ್ಲಿರಬೇಕೆಂಬ ಗುಮಾನಿ ಬಂದರೂ ಸಾಮಾನ್ಯ ರಾಸಾಯನಿಕ ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ.

ಒಗಟನ್ನು ಬಿಡಿಸಿದ್ದು ರೋಹಿತ. ಅರ್ಕನ್ಸಾ ರಾಜ್ಯದ ಬಾಕ್ಸೈಟ್ ಎಂಬ ಗಣಿ ಊರಿನಲ್ಲೂ ಮಕ್ಕಳ ಹಲ್ಲು ಕಲೆಗಟ್ಟುತ್ತಿತ್ತು. ಗಣಿ ಅಲ್ಯೂಮಿನಿಯಂ ಕಂಪನಿಯದು. ಅಲ್ಯೂಮಿನಿಯಂ ಪಾತ್ರೆ ವಿಷ ಎಂಬ ಪ್ರಚಾರ ನಡೆಯುತ್ತಿದ್ದ ಕಾಲವದು. ಅಪವಾದಕ್ಕೆ ಅಂಜಿದ ಮುಖ್ಯ ರಸಾಯನವಿಜ್ಞಾನಿ ಎಚ್.ವಿ. ಚರ್ಚಿಲ್ 1931ರಲ್ಲಿ ಆ ಊರಿನ ನೀರನ್ನು ರೋಹಿತಲೇಖಿಯಿಂದ ಪರೀಕ್ಷೆ ಮಾಡಿಸಿದರು. ಫ್ಲೋರೈಡ್ ಕಂಡಿತು! ನಂಬಿಕೆ ಬಾರದೆ ಹೊಸ ಮಾದರಿ ತರಿಸಿದರು. ಉತ್ತರ ಅದೇ, 13.7 ಪಿಪಿಎಂ. (ರಾಸಾಯನಿಕ ಪರೀಕ್ಷೆ ನಾವು ಕೇಳಿದ್ದಕ್ಕಷ್ಟೇ ಉತ್ತರಿಸುತ್ತದೆ, ರೋಹಿತ ಕೇಳದ್ದನ್ನೂ ಹೇಳುತ್ತದೆ.)

ಮುಂದೆ ಟ್ರೆಂಡ್ಲಿ ಡೀನ್ ಹಲವು ಊರುಗಳ ಮಕ್ಕಳನ್ನು ಪರೀಕ್ಷಿಸಿ, ಲೀಟರಿಗೆ ಸುಮಾರು 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಹುಳುಕು ತಗ್ಗುತ್ತದೆ, ಕಲೆ ಅಷ್ಟಾಗಿ ಬೀಳದು ಎಂದು ತೋರಿಸಿದರು. ಜೋಸೆಫ್ ಮುಲರ್ ಮತ್ತಿತರರ ಸಂಶೋಧನೆಯಿಂದ 1950ರ ದಶಕದಲ್ಲಿ ಸ್ಟ್ಯಾನಸ್ ಫ್ಲೋರೈಡ್ ಉಳ್ಳ ‘ಕ್ರೆಸ್ಟ್’ ಪೇಸ್ಟ್ ಬಂತು. 1960ರಲ್ಲಿ ಅಮೆರಿಕದ ದಂತವೈದ್ಯರ ಸಂಘ ಅದಕ್ಕೆ ಮಾನ್ಯತೆ ನೀಡಿತು.

ನಮ್ಮ ಪಾವಗಡ, ಮುಂಡರಗಿ, ಬಾಗೇಪಲ್ಲಿ ಕಡೆಯ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಅಲ್ಲಿ ಮಕ್ಕಳಿಗೆ ಫ್ಲೋರೈಡ್‌ರಹಿತ ಪೇಸ್ಟ್ ಕೊಟ್ಟರೆ ಸಾಕೇ? ಲೆಕ್ಕ ಮಾಡೋಣ. 1000 ಪಿಪಿಎಂ ಪೇಸ್ಟಿನ 1 ಗ್ರಾಂನಲ್ಲಿ 1 ಮಿಲಿಗ್ರಾಂ ಫ್ಲೋರೈಡ್. ಬಟಾಣಿಯಷ್ಟು, ಅಂದರೆ ಸುಮಾರು 0.25 ಗ್ರಾಂ, ಪೂರ್ತಿ ನುಂಗಿದರೂ ಹೊಟ್ಟೆಗೆ ಹೋಗುವುದು 0.25 ಮಿಲಿಗ್ರಾಂ. ಲೀಟರಿಗೆ 3 ಮಿಲಿಗ್ರಾಂ ಇರುವ ನೀರನ್ನು ದಿನಕ್ಕೊಂದು ಲೀಟರ್ ಕುಡಿದರೆ ಅದರ ಹನ್ನೆರಡು ಪಟ್ಟು! ಮೊದಲು ಬದಲಾಗಬೇಕಾದದ್ದು ನೀರು. ಕುದಿಸಿದರೆ ಫ್ಲೋರೈಡ್ ಹೋಗದು.

ಹಾಗೆಂದು ಜಾಹೀರಾತಿನಂತೆ ಬ್ರಷ್‌ನ ಉದ್ದಕ್ಕೂ ಪೇಸ್ಟ್ ಸುರಿಯಬಾರದು. ಕಾಯಂ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುವಾಗಲೇ ಕಲೆಯ ಬೀಜ ಬೀಳುತ್ತದೆ. ಆದ್ದರಿಂದ ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಸಾಕು, ಉಗುಳಲು ಕಲಿಸಬೇಕು. ನೀರಿನ ಪರೀಕ್ಷೆಯನ್ನು ಶಾಲೆಯಲ್ಲೇ ಮಾಡಬಹುದು: ಜಿರ್ಕೋನಿಯಂ ಕಾರಕವಿರುವ ಕಿಟ್‌ಗಳಲ್ಲಿ ಫ್ಲೋರೈಡ್ ಹೆಚ್ಚಿದಂತೆ ಗುಲಾಬಿ ಬಣ್ಣ ಹಳದಿಯತ್ತ ತಿರುಗುತ್ತದೆ.